ಅರಸೀಕೆರೆಯ ಕೊಬ್ಬರಿ ಮನೆಯಲ್ಲಿ ಟೈಗರ್ ಮಾತ್ ರೆಕ್ಕೆಗೆ ಡೋಪ್ ಹಚ್ಚಿದ್ದು: ನನ್ನ ಅನುಭವ

ಟೈಗರ್ ಮಾತ್ ಎಂದರೆ ಮೇಲೊಂದು ಕೆಳಗೊಂದು ಜೊತೆ ರೆಕ್ಕೆಯ ಹಳೆಯ ತರಬೇತಿ ವಿಮಾನ. ಅದರ ರೆಕ್ಕೆಗೆ ಹೊದಿಸಿದ ಬಟ್ಟೆಯನ್ನು ಬಿಗಿಸಿ ಗಟ್ಟಿ ಮಾಡಲು ಹಚ್ಚುವ ದ್ರವವೇ ಡೋಪ್. ಹಾಸನ ಜಿಲ್ಲೆಯಲ್ಲಿ ಕುಳಿತು ಹತ್ತಿ ಬಟ್ಟೆಗೆ ಡೋಪ್ ಹಚ್ಚುವುದು ಆಗದ ಮಾತು, ಪಾಲಿಯೆಸ್ಟರ್ ಹೊದಿಸಿ, ಬಿಗಿಯಲು ಇಸ್ತ್ರಿ ಪೆಟ್ಟಿಗೆ ಎಳೆದು ಮುಗಿಸಿ ಎಂದು ನನಗೆ ಹೇಳದವರಿಲ್ಲ. ಹೇಳಿದವರೆಲ್ಲ ಈ ಕೆಲಸ ಬಲ್ಲವರೇ. ಕಳೆದ ಮಾರ್ಚ್‌ನಲ್ಲಿ ಕೊನೆಯ ಕೋಟು ಒಣಗಿದ ಮೇಲೆ ರೆಕ್ಕೆಯನ್ನು ಬೆರಳಿನಿಂದ ತಟ್ಟಿದೆ. ಬೆಂಕಿಗೆ ಹಿಡಿದು ಕಾಯಿಸಿದ ತಮಟೆಯ ಸದ್ದು ಬಂತು. ಐದು ವರ್ಷ ಕಾದದ್ದು ಆ ಸದ್ದಿಗೆ.

ರೆಕ್ಕೆ ಸಿಕ್ಕಿದ್ದು ಬೆಂಗಳೂರಿನ ಒಂದು ಗುಜರಿಯಲ್ಲಿ. ಎಡಗಡೆಯ ಕೆಳರೆಕ್ಕೆ, ಸುಮಾರು 13 ಅಡಿ, ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿದ್ದು ವಿಮಾನವನ್ನು ಪಕ್ಕಕ್ಕೆ ವಾಲಿಸುವ ಪಟ್ಟಿ) ಸಮೇತ. ಟೈಗರ್ ಮಾತ್‌ಗೆ ಏಲೆರಾನ್ ಇರುವುದು ಕೆಳರೆಕ್ಕೆಗೆ ಮಾತ್ರವಾದ್ದರಿಂದ ಮೇಲ್ರೆಕ್ಕೆಗಿಂತ ಇದರ ಬೆಲೆ ನನಗೆ ಹೆಚ್ಚು. 1 ಲಕ್ಷ 40 ಸಾವಿರ ಕೊಟ್ಟೆ, ಸಕಲೇಶಪುರದ ತೋಟಕ್ಕೆ ಲಾರಿ ಬಾಡಿಗೆ ಬೇರೆ. ಇದು ಮತ್ತೆ ಹಾರುವ ರೆಕ್ಕೆಯಲ್ಲ, ಗೋಡೆಗೆ ಆನಿಸಿ ತೋರಿಸುವ ರೆಕ್ಕೆ. ಆದರೂ ಹಾರುವ ರೆಕ್ಕೆಗೆ ಏನೇನು ಮಾಡುತ್ತಾರೋ ಅದನ್ನೇ ಮಾಡಬೇಕೆಂದು ಮೊದಲ ದಿನವೇ ಗೊತ್ತು ಮಾಡಿಕೊಂಡಿದ್ದೆ.

ಮರದ ಕೆಲಸವನ್ನು ಹೆಚ್ಚು ಬೆಳೆಸುವುದಿಲ್ಲ. ರೆಕ್ಕೆಯ ಉದ್ದಕ್ಕೆ ಹೋಗುವ ತೊಲೆಗಳು, ಅಂದರೆ ಸ್ಪಾರ್, ಎರಡೂ ಗಟ್ಟಿಯಾಗಿದ್ದವು. ಅವಕ್ಕೆ ಅಡ್ಡಲಾಗಿ ರೆಕ್ಕೆಗೆ ಆಕಾರ ಕೊಡುವ ರಿಬ್‌ಗಳಲ್ಲಿ ನಾಲ್ಕು ಪೂರ್ತಿ ಹೋಗಿದ್ದವು, ಎರಡಕ್ಕೆ ತೇಪೆ ಹಾಕಿದೆ. ಸ್ಪ್ರೂಸ್ ಮರ ಬರುವವರೆಗೆ ಸುಮ್ಮನಿರಲಾಗದೆ ತೋಟದ ಸಿಲ್ವರ್ ಓಕ್‌ನಲ್ಲಿ ಒಂದು ರಿಬ್ ಮಾಡಿ ನೋಡಿದೆ. ಮೆಣಸಿನ ಬಳ್ಳಿ ಹಬ್ಬಿಸಲು ಒಳ್ಳೆಯ ಮರ, ರಿಬ್‌ಗೆ ಅಲ್ಲ: ಎರಡೇ ತಿಂಗಳಲ್ಲಿ ತಿರುಚಿಕೊಂಡಿತು. ಅಂಟಿನ ವಿಷಯದಲ್ಲಿ ಮಾತ್ರ ಹಳೆಯ ದಾರಿ ಬಿಟ್ಟೆ. ಹಾಲಿನಿಂದ ಮಾಡುವ ಕೇಸಿನ್ ಅಂಟು ಹಿಂದಿನವರದ್ದು ನಿಜ, ಆದರೆ ಸಕಲೇಶಪುರದ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. 1944ರಲ್ಲಿ ನಮ್ಮ ದೇಶದಲ್ಲಿದ್ದ ಮಾಸ್ಕಿಟೊ ಎಂಬ ಮರದ ಯುದ್ಧವಿಮಾನಗಳ ಮರದ ಜೋಡಣೆ ಬಿಟ್ಟುಕೊಂಡು ಅವುಗಳನ್ನು ನೆಲಕ್ಕಿಳಿಸಬೇಕಾಗಿ ಬಂದ ಕಥೆ ಗೊತ್ತಿರುವ ನಾನು ರೆಸಾರ್ಸಿನಾಲ್ ಅಂಟನ್ನೇ ಹಾಕಿದೆ. ಅದರ ಕಂದು ಗೆರೆ ಕಾಣುತ್ತದೆ, ಕಾಣಲಿ ಎಂದು ಹಾಗೆಯೇ ಬಿಟ್ಟಿದ್ದೇನೆ.

ಬಟ್ಟೆಯಲ್ಲಿ ಹಣ ಹೋಯಿತು. ಮೂಲದಲ್ಲಿ ಇದ್ದದ್ದು ಐರಿಶ್ ಲಿನನ್. ಅದು ಕೈಗೆಟುಕಲಿಲ್ಲ. ಹತ್ತಿಯೂ ವಿಮಾನಕ್ಕೆ ಹೊಸದಲ್ಲ. ಮಾಸ್ಕಿಟೊದ ಪ್ಲೈವುಡ್ ಮೈಗೆ ಹೊದಿಸುತ್ತಿದ್ದ ಹತ್ತಿ ಬಟ್ಟೆಯ ಹೆಸರು ಮದಪೊಲಂ. ಆಂಧ್ರದ ನರಸಾಪುರದ ಪಕ್ಕದ ಊರಿನ ಹೆಸರು ಅದು, ಈಸ್ಟ್ ಇಂಡಿಯಾ ಕಂಪನಿಯವರ ಬಟ್ಟೆಯ ಕೋಠಿ ಅಲ್ಲಿತ್ತು. ಹೀಗಾಗಿ ನಮ್ಮಲ್ಲೇ ಸಿಕ್ಕೀತು ಎಂದು ಚಿಕ್ಕಪೇಟೆ ಅಲೆದು ಬಟ್ಟೆ ತಂದೆ, ಹೊಲಿಸಿ ಹೊದಿಸಿಯೂ ಬಿಟ್ಟೆ. ಪರೀಕ್ಷೆ ಮಾಡಿದ್ದು ಆಮೇಲೆ, ಅದು ನನ್ನ ತಪ್ಪು. ಒಂದಿಂಚು ಅಗಲದ ಪಟ್ಟಿಗೆ ಬಕೆಟ್ ಕಟ್ಟಿ ಮರಳು ಸುರಿಯುತ್ತಾ ಹೋದೆ. ವಿಮಾನಕ್ಕೆ ಬಳಸುವ ಗ್ರೇಡ್ ಎ ಬಟ್ಟೆ 80 ಪೌಂಡ್, ಅಂದರೆ 36 ಕಿಲೋ ತಡೆಯಬೇಕು. ನನ್ನದು 22ಕ್ಕೆ ಹರಿಯಿತು. 38 ಸಾವಿರ ನೀರಿಗೆ ಹೋಯಿತು. ಕೊನೆಗೆ ಹೊರದೇಶದಿಂದ ಗ್ರೇಡ್ ಎ ಹತ್ತಿಯನ್ನೇ ತರಿಸಿದೆ. ಸುಂಕ, ಸಾಗಣೆ ಸೇರಿ 90 ಸಾವಿರ ದಾಟಿತು.

ಬಟ್ಟೆಯನ್ನು ರಿಬ್‌ಗೆ ಬಿಗಿಯುವ ಹೊಲಿಗೆಯ ಅಂತರವನ್ನು ಪುಸ್ತಕ ನೋಡಿ ಇಟ್ಟದ್ದಲ್ಲ. ಹಳೆಯ ಬಟ್ಟೆಯ ತುಂಡನ್ನು ಬೆಳಕಿಗೆ ಹಿಡಿದು ತೂತುಗಳನ್ನೇ ಅಳೆದೆ. ಮೂರಿಂಚು, ಬುಡದ ಕಡೆ ಇನ್ನೂ ಹತ್ತಿರ. ಕಾಫಿ ಮೂಟೆ ಹೊಲಿಯುವ ದಬ್ಬಳವನ್ನು ಉದ್ದಕ್ಕೆ ಬಡಿಸಿ, ಮೊನೆ ಉಜ್ಜಿಸಿಕೊಂಡೆ. ದಾರಕ್ಕೆ ತೋಟದ ಜೇನುಮೇಣ. ನಾನು ಮೇಲಿನಿಂದ ಚುಚ್ಚಿದರೆ ನನ್ನ ಹೆಂಡತಿ ಕೆಳಗಿನಿಂದ ಎಳೆದು ಹಿಂದಕ್ಕೆ ಕೊಡುತ್ತಿದ್ದಳು. ಹೀಗೆ ಹನ್ನೊಂದು ದಿನ.

ಇನ್ನು ಡೋಪ್. ಮೊದಲು ದುಡ್ಡು ಉಳಿಸಲು ಬಡಗಿಗಳು ಬಳಸುವ ಎನ್‌ಸಿ ಲ್ಯಾಕರ್ ಹಚ್ಚಿದೆ. ಡೋಪ್‌ನ ಹಾಗೆ ಅದೂ ನೈಟ್ರೋಸೆಲ್ಯುಲೋಸ್ ತಾನೇ ಎಂಬ ಲೆಕ್ಕ. ಬಟ್ಟೆ ಬಿಗಿಯಲಿಲ್ಲ, ಆರು ತಿಂಗಳಿಗೆ ಬಿರುಕು ಬಿಟ್ಟಿತು. ಎರಡನೆಯ ಸಲ ನಿಜವಾದ ಡೋಪ್ ತರಿಸಿದೆ. ಹಚ್ಚಿದ್ದು ಸೆಪ್ಟೆಂಬರ್‌ನಲ್ಲಿ, ತೋಟದ ಗೋದಾಮಿನಲ್ಲಿ. ಹತ್ತೇ ನಿಮಿಷದಲ್ಲಿ ಮೈತುಂಬ ಬಿಳಿ ಕಟ್ಟಿತು, ವಿಭೂತಿ ಬಳಿದ ಹಾಗೆ. ಥಿನ್ನರ್ ಆರುವಾಗ ಬಟ್ಟೆ ತಣ್ಣಗಾಗಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಬಲವೂ ಹೋಗುತ್ತದೆ. ತೇವಮಾಪಕ ಶೇಕಡಾ 91 ತೋರಿಸುತ್ತಿತ್ತು. ಆರುವುದನ್ನು ನಿಧಾನ ಮಾಡುವ ರಿಟಾರ್ಡರ್ ಬೆರೆಸಿದೆ, ಪ್ರಯೋಜನವಾಗಲಿಲ್ಲ. ಜನವರಿಯಲ್ಲಿ ಇನ್ನೊಮ್ಮೆ ಪ್ರಯತ್ನಿಸಿದೆ. ಹತ್ತು ಗಂಟೆಯವರೆಗೆ ಮಂಜು, ನಾಲ್ಕಕ್ಕೆ ಮತ್ತೆ ತಂಪು. ನಡುವಿನ ಹೊತ್ತಿನಲ್ಲಿ ಒಂದು ಕೋಟು ಹಚ್ಚಿದರೆ ರಾತ್ರಿಗೆ ಅಂಚೆಲ್ಲ ಬಿಳಿ. ಬೆಂಗಳೂರಿನ ಪೇಂಟ್ ಬೂತ್ ಒಂದರಲ್ಲಿ ಕೇಳಿದಾಗ ಡೋಪ್ ಎಂಬ ಹೆಸರಿಗೇ ಬೇಡ ಎಂದರು. ಬೆಂಕಿಯ ಭಯ, ಅದು ನ್ಯಾಯವೇ.

ದಾರಿ ತೋರಿಸಿದವರು ನನ್ನ ಹೆಂಡತಿಯ ಸೋದರಮಾವ. ಅರಸೀಕೆರೆಯ ಕಡೆ ತೆಂಗಿನ ತೋಟ ಅವರದು. ಬಿಳಿ ಕಟ್ಟಿದ ರೆಕ್ಕೆಯ ಮೇಲೆ ಕೈಯಾಡಿಸಿ, "ಅಳಿಯಂದಿರೇ, ನಮ್ಮ ಅಟ್ಟದ ಮೇಲೆ ಸಿಪ್ಪೆಯೊಳಗಿನ ಕಾಯಿಯ ನೀರೇ ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ನಿಮ್ಮ ಬಟ್ಟೆ ಒಣಗುವುದಿಲ್ಲವೇ? ತನ್ನಿ" ಎಂದರು. ಸಕಲೇಶಪುರದಿಂದ ಅರಸೀಕೆರೆಗೆ 80 ಕಿಲೋಮೀಟರ್ ಚಿಲ್ಲರೆ. ಒಂದೇ ಜಿಲ್ಲೆ, ಗಾಳಿ ಬೇರೆಯೇ. ಫೆಬ್ರವರಿ ಕೊನೆಯ ಮಧ್ಯಾಹ್ನ ಅವರ ಕೊಬ್ಬರಿ ಮನೆಯಲ್ಲಿ ಮಾಪಕ 30ರ ಆಸುಪಾಸಿಗೆ ಇಳಿದದ್ದು ನೋಡಿ ನಾನು ಅದನ್ನು ಎರಡು ಸಲ ತಟ್ಟಿ ನೋಡಿದೆ.

ಅಲ್ಲಿನ ತೊಂದರೆ ತೇವವಲ್ಲ, ನಾರಿನ ಧೂಳು. ಹಸಿ ಡೋಪ್ ಮೇಲೆ ಒಂದು ಎಳೆ ಕುಳಿತರೂ ಉಜ್ಜಿ ತೆಗೆಯಬೇಕು. ಎರಡು ದಿನ ಮುಂಚೆ ನೆಲ, ತೊಲೆ ಎಲ್ಲ ತೊಳೆಸಿದೆ. ಅಟ್ಟದ ಕಾಯಿ ಇಳಿಸಿ ಬೇರೆಡೆ ಹಾಕಿಸಿದ ಕೂಲಿ 15 ಸಾವಿರ. ಆ ಮೂರು ವಾರ ಆ ಕಡೆ ಒಲೆ ಹಚ್ಚಲಿಲ್ಲ, ಬೀಡಿ ಸೇದುವವರನ್ನು ಹತ್ತಿರ ಬಿಡಲಿಲ್ಲ. ಬೆಳಗ್ಗೆ 9ರಿಂದ 12ರವರೆಗೆ ಮಾತ್ರ ಕೆಲಸ, ಮಧ್ಯಾಹ್ನದ ಕಾವಿಗೆ ಗುಳ್ಳೆ ಏಳುತ್ತದೆ. ಪಾರದರ್ಶಕ ಡೋಪ್ ಎಂಟು ಕೋಟು, ಅಲ್ಯುಮಿನಿಯಂ ಪುಡಿ ಬೆರೆಸಿದ ಡೋಪ್ ಮೂರು, ಆಮೇಲೆ ಬಣ್ಣ. ಬಿರುಕು ತಡೆಯಲು ಹಿಂದಿನವರ ಹಾಗೆ ಹರಳೆಣ್ಣೆ ಬೆರೆಸಿದೆ, ಅದೂ ಅರಸೀಕೆರೆಯ ಗಾಣದ್ದೇ. ಹೆಚ್ಚಾದರೆ ಬೆವರುತ್ತದೆ, ಮೇಲಿನ ಕೋಟು ಹಿಡಿಯುವುದಿಲ್ಲ. ಕಡಿಮೆಯಾದರೆ ಒಡೆಯುತ್ತದೆ. ಪ್ರಮಾಣ ಎಷ್ಟು, ಎಷ್ಟನೆಯ ಕೋಟಿನಿಂದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹದಿನೇಳು ತುಂಡು ಬಟ್ಟೆ ಹಾಳು ಮಾಡಿ ಕಂಡುಕೊಂಡದ್ದು ಅದು.

ಇಷ್ಟೆಲ್ಲ ಆದ ಮೇಲೆ ಗೆಳೆಯರೊಬ್ಬರು ಕೇಳಿದರು: ಬಟ್ಟೆ ಹೊಸದು, ಅಂಟು ಹೊಸದು, ರಿಬ್ ನಾಲ್ಕು ಹೊಸವು, ಇದನ್ನು ಅಸಲಿ ಎನ್ನುವುದು ಹೇಗೆ? ನಮ್ಮ ವಾಯುಪಡೆಗೆ 2018ರಲ್ಲಿ ಬಂದ ಹಳೆಯ ಡಕೋಟಾ ಸಾಗಣೆ ವಿಮಾನ "ಪರಶುರಾಮ"ದ ಮೈಮೇಲೆ ವಿಪಿ 905 ಎಂದಿದೆ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾದ ನೆನಪಿಗೆ ಬರೆದ ಸಂಖ್ಯೆ ಅದು, ವಿಮಾನ ಅದೇ ಅಲ್ಲ. ಅದನ್ನು ಯಾರೂ ಮುಚ್ಚಿಟ್ಟಿಲ್ಲ, ಆದ್ದರಿಂದ ನನಗೆ ಅದು ಗೌರವದ ಕೆಲಸ. ಹಳೇಬೀಡಿಗೆ ಹೋದವರು ನೋಡಿರುತ್ತೀರಿ, ಕೆತ್ತನೆ ಬಿದ್ದುಹೋದ ಕಡೆ ಸಾದಾ ಕಲ್ಲು ಕೂರಿಸಿದ್ದಾರೆ. ಹೊಸದಾಗಿ ಕೆತ್ತಿ ಹೊಯ್ಸಳರದ್ದು ಎಂದಿಲ್ಲ. ನಾನೂ ಹೊಸ ರಿಬ್‌ಗಳಿಗೆ ಕಲೆ ಹಾಕಿ ಹಳತಾಗಿಸಲಿಲ್ಲ. ಪ್ರತಿಯೊಂದರ ಮೇಲೂ ಪೆನ್ಸಿಲ್‌ನಲ್ಲಿ ಇಸವಿ ಬರೆದಿದ್ದೇನೆ. ಹಳೆಯ ರಿಬ್ ಒಂದರ ಮೇಲೆ ಯಾರೋ ಬಡಗಿ ಪೆನ್ಸಿಲ್‌ನಲ್ಲೇ 7 ಎಂದು ಬರೆದಿದ್ದ, ಏಳರ ನಡುವಿಗೆ ಅಡ್ಡಗೆರೆ ಎಳೆದು. ಅದು ಕಾಣಲೆಂದು ಆ ಒಂದು ಕಡೆ ಬಟ್ಟೆಯಲ್ಲಿ ಅಂಗೈಯಗಲದ ಕಿಂಡಿ ಬಿಟ್ಟೆ. ಬಣ್ಣವನ್ನೂ ಹಾಗೆಯೇ ನಿರ್ಧರಿಸಿದೆ. ಹಳೆಯ ಬಟ್ಟೆಯನ್ನು ನೀರು ಕಾಗದದಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜುತ್ತಾ ಹೋದಾಗ ಬೆಳ್ಳಿ, ಅದರಡಿ ಹಳದಿ, ಅದರಡಿ ಮತ್ತೆ ಬೆಳ್ಳಿ ಬಂತು. ಹಳದಿಯನ್ನೇ ಆರಿಸಿಕೊಂಡೆ, ಪೂರ್ತಿ ಉಳಿದಿದ್ದ ಪದರ ಅದೊಂದೇ.

ಒಟ್ಟು ಖರ್ಚು ಆರೂವರೆ ಲಕ್ಷದ ಹತ್ತಿರ ಬಂದಿದೆ, ಅದರಲ್ಲಿ ಎರಡು ಲಕ್ಷವಾದರೂ ತಪ್ಪುಗಳದ್ದು. ಏಲೆರಾನ್ ಇನ್ನೂ ಬಾಕಿ. ಬರುವ ಫೆಬ್ರವರಿಗೆ ಕೊಬ್ಬರಿ ಮನೆ ಖಾಲಿ ಮಾಡಿಸಿಕೊಡುತ್ತೇನೆ ಎಂದು ಮಾವನವರು ಹೇಳಿದ್ದಾರೆ. ದಾರಕ್ಕೆ ಈಗಲೇ ಮೇಣ ಹಚ್ಚುತ್ತಿದ್ದೇವೆ.