ಸ್ಪೆಲ್ ಅಟ್ಯಾಕ್ ಬೋನಸ್ ಲೆಕ್ಕ: ಕೂಡಿಸಬೇಕಾದ್ದು ಎರಡೇ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಪಾತ್ರ ವಹಿಸಿ ದಾಳ ಉರುಳಿಸುವ ಆಟದಲ್ಲಿ ಮಂತ್ರ ಹಾಕುವ ಪಾತ್ರ ತೆಗೆದುಕೊಂಡವರು ಮೊದಲ ಕಾಳಗದಲ್ಲೇ ತಡವರಿಸುವ ಜಾಗ ಇದು. ದಾಳ ಉರುಳಿಸಿದ್ದಾಯಿತು, 11 ಬಿತ್ತು, ಡಿಎಂ (ಆಟ ನಡೆಸುವವರು) "ಒಟ್ಟು ಎಷ್ಟು?" ಅಂತ ಕೇಳುತ್ತಿದ್ದಾರೆ. ಕ್ಯಾರೆಕ್ಟರ್ ಶೀಟ್ ನೋಡಿದರೆ ಮೈತುಂಬಾ ಸಂಖ್ಯೆಗಳು. ಮಂತ್ರ ತಾಗಿತೇ ಅಂತ ನೋಡಲು ದಾಳಕ್ಕೆ ಸೇರಿಸುವ ಸಂಖ್ಯೆಯೇ ಸ್ಪೆಲ್ ಅಟ್ಯಾಕ್ ಬೋನಸ್, ಅದಕ್ಕೆ ನಿಮಗೆ ಬೇಕಾದ್ದು ಎರಡೇ:

ಸ್ಪೆಲ್ ಅಟ್ಯಾಕ್ ಬೋನಸ್ = ಪ್ರೊಫಿಷಿಯೆನ್ಸಿ ಬೋನಸ್ + ಸ್ಪೆಲ್‌ಕಾಸ್ಟಿಂಗ್ ಎಬಿಲಿಟಿಯ ಮಾಡಿಫೈಯರ್

ಇದು ಐದನೇ ಆವೃತ್ತಿಯ ಲೆಕ್ಕ. ನೀವು 2014ರ ಪುಸ್ತಕ ಇಟ್ಟುಕೊಂಡು ಆಡಿದರೂ ಅಷ್ಟೇ, 2024ರದ್ದು ಇಟ್ಟುಕೊಂಡು ಆಡಿದರೂ ಅಷ್ಟೇ. ಬೇರೆ ಆಟಗಳಲ್ಲಿ ಲೆಕ್ಕ ಬೇರೆ, ಅದನ್ನು ಇಲ್ಲಿಗೆ ಬೆರೆಸಬೇಡಿ.

ಮೊದಲು ಎಬಿಲಿಟಿ, ಅಂದರೆ ಪಾತ್ರದ ಸಾಮರ್ಥ್ಯಗಳಲ್ಲಿ ಮಂತ್ರಕ್ಕೆ ಬಳಸುವುದು, ಯಾವುದು ಅಂತ ನೋಡಿಕೊಳ್ಳಿ. ಅದನ್ನು ನೀವು ಆರಿಸುವಂತಿಲ್ಲ, ಕ್ಲಾಸೇ (ಪಾತ್ರದ ವರ್ಗ) ಹೇಳುತ್ತದೆ. ವಿಜರ್ಡ್ ಮತ್ತು ಆರ್ಟಿಫೈಸರ್‌ಗೆ ಇಂಟೆಲಿಜೆನ್ಸ್. ಕ್ಲೆರಿಕ್, ಡ್ರೂಯಿಡ್, ರೇಂಜರ್‌ಗೆ ವಿಸ್ಡಮ್. ಬಾರ್ಡ್, ಸಾರ್ಸರರ್, ವಾರ್ಲಾಕ್, ಪ್ಯಾಲಡಿನ್ ಇವರಿಗೆ ಕರಿಸ್ಮಾ. ಫೈಟರ್ ಆಗಿದ್ದುಕೊಂಡೇ ಮಂತ್ರ ಕಲಿತ ಎಲ್ಡ್ರಿಚ್ ನೈಟ್‌ಗೂ, ರೋಗ್ ಆಗಿದ್ದುಕೊಂಡೇ ಕಲಿತ ಆರ್ಕೇನ್ ಟ್ರಿಕ್‌ಸ್ಟರ್‌ಗೂ ಇಂಟೆಲಿಜೆನ್ಸ್.

ಮಾಡಿಫೈಯರ್ ಅಂದರೆ ಆ ಎಬಿಲಿಟಿಯ ಸ್ಕೋರ್‌ನಿಂದ 10 ಕಳೆದು, ಉಳಿದದ್ದನ್ನು ಅರ್ಧ ಮಾಡಿ, ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸಿದ್ದು. 16 ಇದ್ದರೆ +3. 17 ಇದ್ದರೂ +3, ಆ ಒಂದು ಪಾಯಿಂಟ್ ಸದ್ಯಕ್ಕೆ ಸುಮ್ನೆ ಕೂತಿರುತ್ತದೆ. 18 ಆದಾಗ +4. ಕೂಡಿಸಬೇಕಾದ್ದು ಸ್ಕೋರ್ ಅಲ್ಲ, ಮಾಡಿಫೈಯರ್. ಯಾರಾದರೂ ಒಂದನೇ ಲೆವೆಲ್‌ನಲ್ಲೇ "ನನ್ನ ಬೋನಸ್ 19" ಅಂದರೆ ಎಲ್ಲಿ ಎಡವಿದ್ದಾರೆ ಅಂತ ಗೊತ್ತಾಯಿತಲ್ವಾ?

ಪ್ರೊಫಿಷಿಯೆನ್ಸಿ ಬೋನಸ್ ಎಲ್ಲ ಕ್ಲಾಸಿಗೂ ಒಂದೇ. 1ರಿಂದ 4ನೇ ಲೆವೆಲ್‌ವರೆಗೆ +2, 5ರಿಂದ 8ಕ್ಕೆ +3, 9ರಿಂದ 12ಕ್ಕೆ +4, 13ರಿಂದ 16ಕ್ಕೆ +5, ಆಮೇಲೆ 20ರವರೆಗೂ +6.

ಈಗ ಒಂದು ಪಾತ್ರವನ್ನು ಇಟ್ಟುಕೊಂಡು ನೋಡೋಣ. ಒಂದನೇ ಲೆವೆಲ್ ವಿಜರ್ಡ್, ಇಂಟೆಲಿಜೆನ್ಸ್ 17. ಪ್ರೊಫಿಷಿಯೆನ್ಸಿ 2, ಮಾಡಿಫೈಯರ್ 3, ಒಟ್ಟು +5. ಎದುರಾಳಿಯ ಎಸಿ (ಆರ್ಮರ್ ಕ್ಲಾಸ್, ಏಟು ತಾಗಲು ನಿಮ್ಮ ಒಟ್ಟು ಮುಟ್ಟಬೇಕಾದ ಸಂಖ್ಯೆ) 15 ಅಂತಿಟ್ಟುಕೊಳ್ಳಿ. ಫೈರ್ ಬೋಲ್ಟ್ ಹಾಕಿದಿರಿ, ಡಿ20ಯಲ್ಲಿ (20 ಮುಖದ ದಾಳ) 11 ಬಿತ್ತು, 11ಕ್ಕೆ 5 ಸೇರಿದರೆ 16, ತಾಗಿತು. 10 ಬಿದ್ದಿದ್ದರೂ ತಾಗುತ್ತಿತ್ತು, ಏಕೆಂದರೆ ಎಸಿಗೆ ಸಮ ಆದರೂ ಸಾಕು. ಅಂದರೆ 10ರಿಂದ 20ರವರೆಗೆ ಏನು ಬಿದ್ದರೂ ಏಟು ಬೀಳುತ್ತದೆ, ನೂರಕ್ಕೆ 55 ಸಲ. ನಾಲ್ಕನೇ ಲೆವೆಲ್‌ನಲ್ಲಿ ಇಂಟೆಲಿಜೆನ್ಸ್‌ಗೆ ಒಂದು ಪಾಯಿಂಟ್ ಹಾಕಿದಿರಿ, ಅದು 18 ಆಯಿತು, ಸುಮ್ನೆ ಕೂತಿದ್ದ ಪಾಯಿಂಟ್ ಈಗ ಕೆಲಸಕ್ಕೆ ಬಂತು, ಬೋನಸ್ +6. ಐದನೇ ಲೆವೆಲ್‌ಗೆ ಪ್ರೊಫಿಷಿಯೆನ್ಸಿ ಏರಿ +7. ಮುಂದೆ ಇಂಟೆಲಿಜೆನ್ಸ್ 20 ಮುಟ್ಟಿ, ಲೆವೆಲ್ 17 ಆದರೆ +11. ಮಾಯಾ ವಸ್ತುಗಳ ಸಹಾಯ ಇಲ್ಲದೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ದಾಳದಲ್ಲೇ 20 ಬಿದ್ದರೆ ಎಸಿ ಎಷ್ಟಿದ್ದರೂ ಕ್ರಿಟ್, ಏಟಿನ ದಾಳಗಳು ಎರಡು ಪಟ್ಟು. 1 ಬಿದ್ದರೆ ಬೋನಸ್ ಎಷ್ಟಿದ್ದರೂ ತಪ್ಪಿತು ಅಂತಲೇ ಲೆಕ್ಕ.

ಲೆಕ್ಕ ಇಷ್ಟೇ. ಗೊಂದಲ ಆಗುವುದು ಬೇಡದ್ದನ್ನೆಲ್ಲ ತಂದು ಸೇರಿಸುವುದರಿಂದ. ಶಾಕಿಂಗ್ ಗ್ರಾಸ್ಪ್ ಕೈಯಿಂದ ಮುಟ್ಟಿ ಹಾಕುವ ಮಂತ್ರ, ಹಾಗಂತ ಅದಕ್ಕೆ ಸ್ಟ್ರೆಂತ್ ಸೇರಿಸುವ ಹಾಗಿಲ್ಲ. ಫೈರ್ ಬೋಲ್ಟ್ ದೂರಕ್ಕೆ ಹೋಗುತ್ತದೆ ಅಂತ ಡೆಕ್ಸ್‌ಟೆರಿಟಿಯೂ ಸೇರುವುದಿಲ್ಲ. ಹತ್ತಿರದ್ದೋ ದೂರದ್ದೋ, ಎರಡಕ್ಕೂ ಒಂದೇ ಬೋನಸ್. ಕೈಯಲ್ಲಿ +1 ಕತ್ತಿ ಇದ್ದರೆ ಆ +1 ಕತ್ತಿಯ ಏಟಿಗೆ ಮಾತ್ರ. ಆರ್ಚರಿ ಫೈಟಿಂಗ್ ಸ್ಟೈಲ್‌ನ +2 ಕೂಡ ಆಯುಧಗಳಿಗೇ ಹೊರತು ಮಂತ್ರಕ್ಕಲ್ಲ. ಇನ್ನೊಂದು, ತಾಗಿದ ಮೇಲೆ ಡ್ಯಾಮೇಜ್‌ಗೂ ಮಾಡಿಫೈಯರ್ ಸೇರಿಸಿಬಿಡುವವರು ಬಹಳ ಜನ. ಕತ್ತಿಗೆ ಸೇರುತ್ತದೆ, ಮಂತ್ರಕ್ಕೆ ಸಾಮಾನ್ಯವಾಗಿ ಇಲ್ಲ. ಫೈರ್ ಬೋಲ್ಟ್‌ಗೆ ಶುರುವಿನಲ್ಲಿ ಒಂದು ಡಿ10 ಅಂದರೆ ಒಂದು ಡಿ10 ಅಷ್ಟೇ. ವಾರ್ಲಾಕ್‌ನ ಅಗನೈಸಿಂಗ್ ಬ್ಲಾಸ್ಟ್ ಥರದ ವಿಶೇಷ ಶಕ್ತಿ ಇದ್ದರೆ ಆ ಮಾತು ಬೇರೆ, ಅದರಲ್ಲಿ ಹಾಗಂತ ಸ್ಪಷ್ಟವಾಗಿ ಬರೆದಿರುತ್ತದೆ.

ನಿಜವಾಗಿ ಸೇರುವ ವಸ್ತುಗಳೂ ಇವೆ. ವಾಂಡ್ ಆಫ್ ದ ವಾರ್ ಮೇಜ್ ಹಿಡಿದಿದ್ದರೆ ಅದರ +1, +2 ಅಥವಾ +3 ನೇರವಾಗಿ ಸ್ಪೆಲ್ ಅಟ್ಯಾಕ್‌ಗೆ ಸೇರುತ್ತದೆ, ಆದರೆ ಸೇವ್ ಡಿಸಿಗೆ (ಮಂತ್ರವನ್ನು ತಡೆದುಕೊಳ್ಳಲು ಎದುರಾಳಿಯ ದಾಳ ಮುಟ್ಟಬೇಕಾದ ಸಂಖ್ಯೆ) ಅಲ್ಲ. ವಾರ್ಲಾಕ್‌ನ ರಾಡ್ ಆಫ್ ದ ಪ್ಯಾಕ್ಟ್ ಕೀಪರ್ ಎರಡನ್ನೂ ಏರಿಸುತ್ತದೆ, ಹಾಗಾಗಿ ಸಿಕ್ಕರೆ ಬಿಡಬೇಡಿ. ಬ್ಲೆಸ್ ಮಂತ್ರದ ಡಿ4 ಕೂಡ ಸೇರುತ್ತದೆ, ಆದರೆ ಅದು ಇರುವಷ್ಟು ಹೊತ್ತು ಮಾತ್ರ. ಶೀಟ್ ಮೇಲೆ ಬರೆದುಕೊಳ್ಳಬೇಡಿ, ಪ್ರತಿ ಸಲ ಆ ಪುಟ್ಟ ದಾಳವನ್ನೂ ಜೊತೆಗೇ ಉರುಳಿಸಿ.

ಸೇವ್ ಡಿಸಿ ಅಂದೆನಲ್ಲ, ಅದೂ ಇದರ ಅಣ್ಣತಮ್ಮನೇ. ಇದೇ ಎರಡು ಸಂಖ್ಯೆಗೆ 8 ಸೇರಿಸಿದರೆ ಡಿಸಿ. ನಮ್ಮ ಒಂದನೇ ಲೆವೆಲ್ ವಿಜರ್ಡ್‌ಗೆ 13. ಯಾವುದನ್ನು ಯಾವಾಗ ಬಳಸಬೇಕು ಅಂತ ಮಂತ್ರದ ವಿವರಣೆಯಲ್ಲೇ ಇರುತ್ತದೆ. "ರೇಂಜ್ಡ್ ಸ್ಪೆಲ್ ಅಟ್ಯಾಕ್" ಅಥವಾ "ಮಿಲೇ ಸ್ಪೆಲ್ ಅಟ್ಯಾಕ್" ಅಂತ ಇದ್ದರೆ ದಾಳ ನಿಮ್ಮದು. "ಸೇವಿಂಗ್ ಥ್ರೋ" ಅಂತ ಇದ್ದರೆ ದಾಳ ಎದುರಾಳಿಯದು, ಫೈರ್‌ಬಾಲ್ ಹಾಗೆ. ಮ್ಯಾಜಿಕ್ ಮಿಸೈಲ್‌ಗೆ ಎರಡೂ ಬೇಡ, ಅದು ತಾನಾಗೇ ತಾಗುತ್ತದೆ. ಸ್ಕಾರ್ಚಿಂಗ್ ರೇ ಹಾಕಿದರೆ ಮೂರು ಕಿರಣ, ಮೂರಕ್ಕೂ ಬೇರೆ ಬೇರೆ ದಾಳ, ಪ್ರತಿಯೊಂದಕ್ಕೂ ಪೂರ್ತಿ ಬೋನಸ್.

ಎರಡು ಕ್ಲಾಸ್ ಬೆರೆಸಿದವರು ಇಲ್ಲಿ ಸ್ವಲ್ಪ ನಿಧಾನಿಸಿ. ಪ್ರೊಫಿಷಿಯೆನ್ಸಿಗೆ ಒಟ್ಟು ಲೆವೆಲ್ ಹಿಡಿಯಬೇಕು, ಮಾಡಿಫೈಯರ್ ಮಾತ್ರ ಮಂತ್ರ ಯಾವ ಕ್ಲಾಸಿನಿಂದ ಬಂತೋ ಅದರದ್ದು. ಕ್ಲೆರಿಕ್ 3, ವಿಜರ್ಡ್ 2 ಅಂದರೆ ಒಟ್ಟು ಲೆವೆಲ್ 5, ಪ್ರೊಫಿಷಿಯೆನ್ಸಿ +3. ವಿಸ್ಡಮ್ 16, ಇಂಟೆಲಿಜೆನ್ಸ್ 14 ಇದೆ ಅಂದುಕೊಳ್ಳಿ. ಕ್ಲೆರಿಕ್ ಆಗಿ ಕಲಿತ ಗೈಡಿಂಗ್ ಬೋಲ್ಟ್‌ಗೆ +6, ವಿಜರ್ಡ್ ಆಗಿ ಕಲಿತ ಫೈರ್ ಬೋಲ್ಟ್‌ಗೆ +5. ಎರಡನ್ನೂ ಶೀಟ್‌ನಲ್ಲಿ ಬೇರೆ ಬೇರೆ ಬರೆದಿಟ್ಟುಕೊಳ್ಳುವುದೇ ಒಳ್ಳೆಯದು, ಕಾಳಗದ ಮಧ್ಯೆ ನೆನಪಾಗುವುದಿಲ್ಲ.

ಇನ್ನು ಬೋನಸ್ ಸರಿಯಾಗಿದ್ದೂ ಏಟು ತಪ್ಪುತ್ತಿದ್ದರೆ ನೀವು ಎಲ್ಲಿ ನಿಂತಿದ್ದೀರಿ ನೋಡಿ. ನಿಮ್ಮನ್ನು ನೋಡಬಲ್ಲ ಶತ್ರು 5 ಅಡಿಯೊಳಗೆ ಇದ್ದಾಗ ದೂರದ ಮಂತ್ರ ಹಾಕಿದರೆ ಡಿಸ್‌ಅಡ್ವಾಂಟೇಜ್, ಎರಡು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನು ಇಟ್ಟುಕೊಳ್ಳಬೇಕು. ಎದುರಾಳಿ ಅರ್ಧ ಮರೆಯಲ್ಲಿದ್ದರೆ ಅವನ ಎಸಿಗೆ 2, ಮುಕ್ಕಾಲು ಮರೆಯಲ್ಲಿದ್ದರೆ 5 ಸೇರುತ್ತದೆ. ಆ ಎಸಿ 15ರವನು ಗೋಡೆಯ ಹಿಂದೆ ಅರ್ಧ ಅಡಗಿದ ಅಂದರೆ 17, ಅಲ್ಲಿಗೆ ನಮ್ಮ ವಿಜರ್ಡ್‌ಗೆ ಇದ್ದ 55 ಸಲ 45ಕ್ಕೆ ಇಳಿಯಿತು. ಇಂಥ ಹೊತ್ತಲ್ಲಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮರೆ ತಪ್ಪಿಸಿ ಹಾಕುವುದು, ಮುಂದಿನ ಲೆವೆಲ್‌ನ +1ಕ್ಕೆ ಕಾಯುವುದಕ್ಕಿಂತ ಜಾಸ್ತಿ ಲಾಭ.