ಪುಸ್ತಕ ಮುಚ್ಚಿ ಹೇಳು, ನಾನು ಕೇಳ್ತೀನಿ: ಪರೀಕ್ಷೆಯ ವರ್ಷ ಮಕ್ಕಳ ಜೊತೆ ಕೂತ ನನ್ನ ಅನುಭವ

ನನ್ನ ಇಬ್ಬರು ಮಕ್ಕಳೂ ಹೈಸ್ಕೂಲಿನ ಕೊನೆಯ ಪರೀಕ್ಷೆ ಬರೆದು ಮುಂದೆ ಹೋಗಿದ್ದಾರೆ. ಮೊದಲು ಮಗಳು, ಕೆಲವು ವರ್ಷಗಳ ಮೇಲೆ ಮಗ. ಈಗ ಯಾರಾದರೂ "ಮಗಳಿಗೆ ಪರೀಕ್ಷೆ ಇದೆ, ಮನೆಯಲ್ಲಿ ನಾವು ಏನು ಮಾಡಬೇಕು?" ಅಂತ ಕೇಳಿದರೆ ನನ್ನ ಉತ್ತರ ಒಂದೇ. ದಿನಕ್ಕೆ ಸ್ವಲ್ಪ ಹೊತ್ತು ಅವರ ಮುಂದೆ ಕೂತು ಕೇಳಿ. ಅವರು ಪುಸ್ತಕ ಮುಚ್ಚಿಟ್ಟು ಪಾಠ ಹೇಳಲಿ, ನೀವು ಸುಮ್ನೆ ಕೇಳಿಸಿಕೊಳ್ಳಿ. ಇದಕ್ಕೆ ನಿಮಗೆ ಗಣಿತ ಬರಬೇಕಾಗಿಲ್ಲ, ವಿಜ್ಞಾನ ನೆನಪಿರಬೇಕಾಗಿಲ್ಲ. ಸಮಯ ಬೇಕು, ತಾಳ್ಮೆ ಬೇಕು.

ಈ ವಯಸ್ಸಿನ ಮಕ್ಕಳು ಓದುವುದಿಲ್ಲ ಎನ್ನುವುದಕ್ಕಿಂತ, ಓದಿದ್ದು ಬಂತು ಅಂದುಕೊಂಡುಬಿಡುತ್ತಾರೆ ಅನ್ನುವುದೇ ದೊಡ್ಡ ತೊಂದರೆ. ಅದೇ ಪುಟವನ್ನು ಮೂರನೇ ಸಲ ಓದುವಾಗ ಎಲ್ಲವೂ ಪರಿಚಯ ಅನಿಸುತ್ತದೆ. ಪರಿಚಯ ಇರುವುದು ಬೇರೆ, ಖಾಲಿ ಹಾಳೆಯ ಮುಂದೆ ಕೂತಾಗ ನೆನಪಿಗೆ ಬರುವುದು ಬೇರೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಠ್ಯವನ್ನು ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪು ಒಮ್ಮೆ ಓದಿ, ಆಮೇಲೆ ಮೂರು ಸಲ ನೋಡದೆ ನೆನಪು ಮಾಡಿಕೊಂಡು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದಾಗ ಓದಿದವರಿಗೆ ನೂರಕ್ಕೆ ಸುಮಾರು 40ರಷ್ಟು ನೆನಪಿತ್ತು, ನೆನಪು ಮಾಡಿ ಬರೆದವರಿಗೆ 61ರಷ್ಟು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ತಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಜಾಸ್ತಿ ಧೈರ್ಯವಾಗಿ ಹೇಳಿದ್ದು ಮತ್ತೆ ಮತ್ತೆ ಓದಿದ ಗುಂಪು.

ನಮ್ಮ ಮನೆಯಲ್ಲಿ ಇದು ಹೇಗೆ ನಡೆಯುತ್ತಿತ್ತು ಅಂತ ಒಂದು ಸಂಜೆಯ ಉದಾಹರಣೆ ಕೊಡುತ್ತೇನೆ. ಮಗಳು ಹೃದಯದ ಪಾಠ ಓದಿ ಮುಗಿಸಿದ್ದಳು. ಪುಟದ ತುಂಬ ಬಣ್ಣದ ಗೆರೆ. "ಇದು ಪೂರ್ತಿ ಬರುತ್ತಮ್ಮ" ಅಂದಳು. ಪುಸ್ತಕ ನನ್ನ ಕೈಗೆ ಬಂತು, ಅವಳ ಮುಂದೆ ಒಂದು ಬಿಳಿ ಹಾಳೆ. ನಾಲ್ಕು ಕೋಣೆ ಬರೆದಳು, ಹೆಸರು ಹಾಕಿದಳು. ದೇಹದಿಂದ ಬಂದ ರಕ್ತ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ. ಸರಾಗವಾಗಿ ಹೋಗುತ್ತಿತ್ತು.

"ಆಮೇಲೆ?"

"ಆಮೇಲೆ ಶ್ವಾಸಕೋಶಕ್ಕೆ. ಅಭಿಧಮನಿಯಲ್ಲಿ ಹೋಗುತ್ತೆ."

"ಯಾಕೆ ಅಭಿಧಮನಿ?"

"ಆಕ್ಸಿಜನ್ ಕಡಿಮೆ ಇರೋ ರಕ್ತ ಅಲ್ವಾ, ಅದಕ್ಕೆ." ಹೇಳುತ್ತಲೇ ನಿಂತಳು. ಪೆನ್ಸಿಲ್ ಹಾಳೆಯ ಮೇಲೆ ಹಾಗೇ ಇತ್ತು. ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದಳು: "ಇಲ್ಲ, ಹೃದಯದಿಂದ ಹೊರಗೆ ಹೋಗೋದು ಅಪಧಮನಿ. ರಕ್ತ ಎಂಥದ್ದು ಅನ್ನೋದಲ್ಲ, ಯಾವ ಕಡೆ ಹೋಗುತ್ತೆ ಅನ್ನೋದು ಮುಖ್ಯ. ಹಾಗಾದ್ರೆ ಶ್ವಾಸಕೋಶಕ್ಕೆ ಹೋಗೋ ಅಪಧಮನಿಯಲ್ಲಿ ಮಾತ್ರ ಆಕ್ಸಿಜನ್ ಕಡಿಮೆ ಇರೋ ರಕ್ತ ಇರುತ್ತೆ." ಪುಸ್ತಕ ಇಸಿದುಕೊಂಡು ನೋಡಿದಳು. ಸರಿಯಾಗಿತ್ತು. ಆ ಸಾಲಿಗೆ ಅವಳು ಮೊದಲೇ ಹಳದಿ ಬಣ್ಣ ಹಚ್ಚಿದ್ದಳು. ಆದರೆ ಅದು ಅವಳದಾಗಿದ್ದು ಆ ಸಂಜೆ.

ಅವಳು ತಡವರಿಸಿದ ಆ ಹೊತ್ತಿನಲ್ಲಿ ನಾನು ಉತ್ತರ ಹೇಳಿಬಿಟ್ಟಿದ್ದರೆ ಇದು ಆಗುತ್ತಿರಲಿಲ್ಲ. ಕೇಳಿಸಿಕೊಳ್ಳುವವರಿಗೆ ಅತಿ ಕಷ್ಟದ ಭಾಗ ಅದೇ. ಮಗು ತಡವರಿಸಿದ ಕೂಡಲೇ ನಮ್ಮ ಬಾಯಿ ತೆರೆಯುತ್ತದೆ. ನಾನು ಮೂರೇ ಮಾತು ಇಟ್ಟುಕೊಂಡಿದ್ದೆ: "ಆಮೇಲೆ?", "ಯಾಕೆ?", "ಒಂದು ಉದಾಹರಣೆ ಕೊಡು." ಇತಿಹಾಸ ಇರಲಿ, ಭೂಗೋಳ ಇರಲಿ, ಈ ಮೂರು ಸಾಕಾಗುತ್ತಿದ್ದವು. ವಿಷಯ ನನಗೆ ಗೊತ್ತಿಲ್ಲದಿದ್ದಾಗ ಪುಸ್ತಕ ತೆರೆದಿಟ್ಟುಕೊಂಡು ಹೆಸರು, ಕ್ರಮ, ಕಾರಣ ಇಷ್ಟನ್ನು ಮಾತ್ರ ಗಮನಿಸುತ್ತಿದ್ದೆ. ತಪ್ಪಿದರೆ "ಇಲ್ಲೊಂದು ಬಿಟ್ಟುಹೋಯ್ತು, ನೋಡು" ಅನ್ನುವುದಷ್ಟೇ. ಯಾವ ಪಾಠ ಹೇಳಬೇಕು ಅನ್ನುವುದು ಅವರ ಇಷ್ಟ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಎಳೆಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಫೋನ್ ಇನ್ನೊಂದು ಕೋಣೆಯಲ್ಲಿರುತ್ತಿತ್ತು. ಅಮ್ಮ ನಿಜಕ್ಕೂ ಕೇಳುತ್ತಿದ್ದಾಳಾ ಇಲ್ಲವಾ ಅನ್ನುವುದು ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಒಂದು ಸಲ ಹೇಳಿದರೆ ಮುಗಿಯಲಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಬರೆದಿಟ್ಟ ಹಾಗೆ, ಕಲಿತ ಮೊದಲ ದಿನದಲ್ಲೇ ಮರೆವು ಅತಿ ಜೋರು, ಆಮೇಲೆ ನಿಧಾನ. ಹಾಗಾಗಿ ತಡವರಿಸಿದ ಪ್ರಶ್ನೆಯನ್ನು ಮಗಳು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಿದ್ದಳು. ಮಾರನೇ ದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಕಳೆದು ಇನ್ನೊಮ್ಮೆ ಅದನ್ನು ತೆಗೆದು ಕೇಳುತ್ತಿದ್ದೆ. ಮೂರು ಸಲವೂ ಸರಿಯಾಗಿ ಹೇಳಿದರೆ ಚೀಟಿ ಹರಿದು ಹಾಕುವುದು. ಹರಿಯುವ ಕೆಲಸ ಅವಳದೇ, ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ!

ಮಗನ ಸರದಿ ಬಂದಾಗ ಇದೇ ಕ್ರಮ ಹಾಗೇ ನಡೆಯಲಿಲ್ಲ. ಅವನು ಮಾತು ಕಡಿಮೆ. ಎದುರು ಕೂತು ಒಪ್ಪಿಸು ಅಂದರೆ ಮುಖ ಸಣ್ಣದಾಗುತ್ತಿತ್ತು. ಅವನಿಗೆ ಹೊಂದಿದ್ದು ಹಳೆಯ ಪ್ರಶ್ನೆಪತ್ರಿಕೆ. ಗಡಿಯಾರ ನೋಡಿ ಶುರು, ಪರೀಕ್ಷೆಗೆ ಎಷ್ಟು ಸಮಯವೋ ಅಷ್ಟೇ ಸಮಯ, ನಡುವೆ ಎದ್ದುಹೋಗುವಂತಿಲ್ಲ. ಸಮಯ ನೋಡುವುದು, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಅವನನ್ನು ಕರೆಯದಂತೆ ನೋಡಿಕೊಳ್ಳುವುದು ನನ್ನ ಪಾಲು. ಮುಗಿದ ಮೇಲೆ ಅವನೇ ಮಾದರಿ ಉತ್ತರ ಇಟ್ಟುಕೊಂಡು ತಿದ್ದುತ್ತಿದ್ದ. ಅಂಕ ಎಷ್ಟು ಬಂತು ಅಂತ ನಾವು ಕೇಳುತ್ತಿರಲಿಲ್ಲ. ಹೋದ ಅಂಕ ಯಾಕೆ ಹೋಯ್ತು ಅಂತ ಮಾತ್ರ ನೋಡುತ್ತಿದ್ದೆವು. ಗೊತ್ತಿರಲಿಲ್ಲವಾ, ಗೊತ್ತಿದ್ದೂ ಕೈತಪ್ಪಿತಾ, ಪ್ರಶ್ನೆ ಸರಿಯಾಗಿ ಓದಲಿಲ್ಲವಾ, ಸಮಯ ಸಾಲಲಿಲ್ಲವಾ?

ಹೀಗೆ ವಿಂಗಡಿಸಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಗಣಿತದಲ್ಲಿ ಅವನಿಗೆ ಗೊತ್ತಿಲ್ಲದ್ದು ಬಹಳ ಕಡಿಮೆ. ಜಾಸ್ತಿ ಅಂಕ ಹೋಗುತ್ತಿದ್ದದ್ದು ಪ್ಲಸ್ ಮೈನಸ್‌ನಲ್ಲಿ. ಒಂದು ವರ್ಗ ಸಮೀಕರಣ ನನಗೆ ಇನ್ನೂ ನೆನಪಿದೆ: ಎಕ್ಸ್ ವರ್ಗ, ಮೈನಸ್ 5 ಎಕ್ಸ್, ಪ್ಲಸ್ 6, ಸಮ ಸೊನ್ನೆ. ಇದನ್ನು ಬಿಡಿಸುವ ಸೂತ್ರದಲ್ಲಿ ಮೈನಸ್ ಬಿ ಇದೆ, ಬಿ ಅಂದರೆ ಎಕ್ಸ್ ಮುಂದಿರುವ ಸಂಖ್ಯೆ. ಇಲ್ಲಿ ಬಿ ಬೆಲೆಯೇ ಮೈನಸ್ 5, ಆದ್ದರಿಂದ ಪ್ಲಸ್ 5 ಆಗಬೇಕು. ಅವನು ಅವಸರದಲ್ಲಿ ಮೈನಸ್ 5 ಅಂತಲೇ ಬರೆದಿದ್ದ. 2 ಮತ್ತು 3 ಬರಬೇಕಾದ ಕಡೆ ಮೈನಸ್ 2, ಮೈನಸ್ 3 ಬಂದಿತ್ತು. "ಆ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡೋ" ಅಂದೆ. ಮೈನಸ್ 2 ಹಾಕಿದ. 4, ಪ್ಲಸ್ 10, ಪ್ಲಸ್ 6. ಇಪ್ಪತ್ತು. "ಸೊನ್ನೆ ಬರ್ಬೇಕಿತ್ತಲ್ವಾ" ಅಂತ ತಾನೇ ಹಿಂದಕ್ಕೆ ಹೋಗಿ ತಪ್ಪು ಹಿಡಿದ. ಆವತ್ತಿಂದ ಉತ್ತರ ವಾಪಸ್ ಹಾಕಿ ನೋಡುವುದು ಅವನ ರೂಢಿಯಾಯಿತು. ಇಂಥ ಮಗುವಿಗೆ "ಇನ್ನೂ ಜಾಸ್ತಿ ಲೆಕ್ಕ ಮಾಡು" ಅಂದರೆ ಅದೇ ತಪ್ಪು ಇನ್ನೂ ಜಾಸ್ತಿ ಸಲ ಆಗುತ್ತದೆ, ಅಷ್ಟೇ. ಎಲ್ಲಿ ಹೋಗುತ್ತಿದೆ ಅಂತ ಮೊದಲು ಗೊತ್ತಾಗಬೇಕು.

ವೇಳಾಪಟ್ಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಬ್ಬರೂ ತಮ್ಮದನ್ನು ತಾವೇ ಬರೆದುಕೊಂಡರು. ಅತಿ ಭಯದ ವಿಷಯ ಯಾವುದು, ಅದು ತಲೆ ಚುರುಕಾಗಿರುವ ಹೊತ್ತಿನಲ್ಲಿ ಇದೆಯಾ ಅಂತ ನಾನು ಕೇಳಿದೆ. ವಾರಕ್ಕೆ ಅರ್ಧ ದಿನ ಖಾಲಿ ಬಿಡಿಸಿದೆ. ಏಕೆಂದರೆ ಪಟ್ಟಿ ತಪ್ಪುವುದು ಖಂಡಿತ, ತಪ್ಪಿದ್ದನ್ನು ತುಂಬಿಕೊಳ್ಳಲು ಜಾಗ ಇಲ್ಲದಿದ್ದರೆ ಮಕ್ಕಳು ಪಟ್ಟಿಯನ್ನೇ ಕೈಬಿಡುತ್ತಾರೆ.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರುವುದೂ ನಿದ್ದೆಯಲ್ಲೇ. ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಹಾಗಾಗಿ ಅವರಿಗೆ ಬೇಗ ನಿದ್ದೆ ಬರುವುದಿಲ್ಲ. ಅದು ಸೋಮಾರಿತನ ಅಲ್ಲ, ದೇಹದ ಗುಣ. ಇದು ಗೊತ್ತಾದ ಮೇಲೆ ಬೆಳಗಿನ ಜಾವ ಎಬ್ಬಿಸಿ ಓದಿಸಬೇಕು ಅನ್ನುವ ಮಾತನ್ನು ನಾನು ಎತ್ತಲೇ ಇಲ್ಲ. ರಾತ್ರಿ ಮನೆಯ ಎಲ್ಲರ ಫೋನ್ ಹೊರಗಿನ ಕೋಣೆಯಲ್ಲಿ, ನನ್ನದೂ, ಇವರದೂ ಸೇರಿ. ಮಕ್ಕಳದ್ದು ಮಾತ್ರ ಇಸಿದುಕೊಂಡಿದ್ದರೆ ದಿನಾ ಜಗಳ ಆಗುತ್ತಿತ್ತು. ಸಂಜೆಯ ಮೇಲೆ ಕಾಫಿ, ಟೀ ಇಲ್ಲ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ಮೇಲೂ ಮೈಯಲ್ಲೇ ಉಳಿದಿರುತ್ತದೆ.

ಹೊಗಳುವುದರಲ್ಲೂ ಸ್ವಲ್ಪ ಎಚ್ಚರ ಬೇಕು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, "ನೀನು ಬುದ್ಧಿವಂತ" ಅಂತ ಹೊಗಳಿಸಿಕೊಂಡ ಮಕ್ಕಳು ಕಷ್ಟ ಎದುರಾದ ಮೇಲೆ ಬೇಗ ಕುಗ್ಗಿದರು, ಪಟ್ಟ ಶ್ರಮಕ್ಕೆ ಮೆಚ್ಚುಗೆ ಪಡೆದವರು ಬಿಡದೆ ಮುಂದುವರಿದರು. ಹಾಗಾಗಿ ನಾನು ಕಣ್ಣಿಗೆ ಕಂಡ ಕೆಲಸವನ್ನೇ ಹೇಳುತ್ತಿದ್ದೆ. "ಹೋದ ವಾರ ಈ ಚೀಟಿಗೆ ತಡವರಿಸಿದ್ದೆ, ಇವತ್ತು ಕಾರಣ ಸಮೇತ ಹೇಳಿದೆ ಕಣೇ" ಅನ್ನುವ ಹಾಗೆ. ನೆಂಟರು, ಪರಿಚಯದವರು "ಎಷ್ಟು ಪರ್ಸೆಂಟ್ ಬರುತ್ತೆ?" ಅಂತ ಮಕ್ಕಳನ್ನು ಕೇಳಿದಾಗ ನಾನೇ ಮುಂದೆ ಬಂದು ಉತ್ತರಿಸುತ್ತಿದ್ದೆ: "ಚೆನ್ನಾಗಿ ಓದ್ತಿದ್ದಾರೆ, ಅಷ್ಟು ಸಾಕು." ಬೇರೆಯವರ ಮಕ್ಕಳ ಅಂಕ ನಮ್ಮ ಮನೆಯೊಳಗೆ ಮಾತಾಗಲಿಲ್ಲ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಒಂದೇ ಒಂದು ಹೋಲಿಕೆಯ ಮಾತನ್ನು ಮಕ್ಕಳು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ.

ಭಯ ಇಬ್ಬರಿಗೂ ಇತ್ತು. ಮಗಳಿಗೆ ಅದು ಹೊಟ್ಟೆನೋವಾಗಿ ಬರುತ್ತಿತ್ತು, ಮಗನಿಗೆ ಸಿಟ್ಟಾಗಿ. "ಹೆದರಬೇಡ" ಅಂದರೆ ಹೆದರಿಕೆ ಹೋಗುವುದಿಲ್ಲ. "ಏನಾಗುತ್ತೆ ಅಂತ ಭಯ?" ಅಂತ ಕೇಳಿದಾಗ ಮಗಳು ಬರೆದು ತೋರಿಸಿದಳು. ಪ್ರಶ್ನೆಪತ್ರಿಕೆ ಕೈಗೆ ಬಂದ ತಕ್ಷಣ ಎಲ್ಲ ಮರೆತುಹೋದರೆ? ಅದಕ್ಕೊಂದು ದಾರಿ ಮಾಡಿಕೊಂಡೆವು. ಮೊದಲು ಪತ್ರಿಕೆ ಪೂರ್ತಿ ಓದುವುದು, ಖಂಡಿತ ಬರುವ ಒಂದು ಪ್ರಶ್ನೆಯಿಂದ ಶುರು ಮಾಡುವುದು, ಸಿಕ್ಕಿಹಾಕಿಕೊಂಡರೆ ಜಾಗ ಬಿಟ್ಟು ಮುಂದೆ ಹೋಗುವುದು. ಇದನ್ನೂ ಹಳೆಯ ಪತ್ರಿಕೆಯ ಮೇಲೆ ಅಭ್ಯಾಸ ಮಾಡಿದಳು. ಅಂಕ ಕಡಿಮೆ ಬಂದರೆ ಏನು ಅನ್ನುವ ಮಾತನ್ನು ಪರೀಕ್ಷೆಗೆ ಮುಂಚೆಯೇ ಆಡಿ ಮುಗಿಸಿದೆವು. ಯಾವ ಅಂಕಕ್ಕೆ ಯಾವ ದಾರಿ, ಮತ್ತೆ ಬರೆಯುವ ಅವಕಾಶ ಹೇಗೆ, ಎಲ್ಲ. ಫಲಿತಾಂಶ ಬಂದ ಮೇಲೆ "ಪರವಾಗಿಲ್ಲ" ಅಂದರೆ ಅದು ಸಮಾಧಾನದ ಮಾತಾಗಿ ಮಾತ್ರ ಕೇಳಿಸುತ್ತದೆ. ಮುಂಚೆಯೇ ಹೇಳಿದರೆ ಮಕ್ಕಳು ನಂಬುತ್ತಾರೆ.

ಒಂದು ವಿಷಯ ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಬೇಡ, ಯಾರ ಜೊತೆಗೂ ಮಾತಿಲ್ಲ, ಅಥವಾ "ನಾನು ಇರೋದೇ ಬೇಡ" ಅನ್ನುವಂಥ ಮಾತು ಬಂದರೆ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಅಂಥ ಮಾತು ಬಂದ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಪರೀಕ್ಷೆ ಮುಂದಿನ ಸಲ ಬರೆಯಬಹುದು.

ಇನ್ನು ಪರೀಕ್ಷೆಯ ದಿನಗಳು. ಹಿಂದಿನ ರಾತ್ರಿ ಹೊಸ ಪಾಠ ಮುಟ್ಟುವಂತಿಲ್ಲ. ಡಬ್ಬಿಯಲ್ಲಿ ಉಳಿದ ಚೀಟಿ ಒಮ್ಮೆ ಕೇಳಿ, ಪ್ರವೇಶಪತ್ರ, ಎರಡು ಪೆನ್ನು, ಗಡಿಯಾರ ಚೀಲಕ್ಕೆ ಹಾಕಿ ಮಲಗುವುದು. ಬರೆದು ಬಂದ ಮೇಲೆ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಒಂದೊಂದೇ ಉತ್ತರ ಕೇಳುವುದನ್ನು ನಾನು ಮಾಡಲಿಲ್ಲ. ಬರೆದದ್ದು ಇನ್ನು ಬದಲಾಗುವುದಿಲ್ಲ. ತಪ್ಪು ಗೊತ್ತಾದರೆ ಮುಂದಿನ ಪತ್ರಿಕೆ ಹಾಳು. ಅವರಾಗೇ ಹೇಳಿದರೆ ಕೇಳುತ್ತಿದ್ದೆ. ಇಲ್ಲದಿದ್ದರೆ ಊಟ, ಸ್ವಲ್ಪ ನಿದ್ದೆ. ಎದ್ದ ಮೇಲೆ "ಮುಂದಿನದಕ್ಕೆ ನನ್ನಿಂದ ಏನಾಗಬೇಕು?" ಅಂತ ಒಂದು ಪ್ರಶ್ನೆ. ಮಗಳು ಚೀಟಿ ಡಬ್ಬಿ ತರುತ್ತಿದ್ದಳು. ಮಗ ಹೆಚ್ಚಾಗಿ "ಏನೂ ಬೇಡಮ್ಮ" ಅನ್ನುತ್ತಿದ್ದ, ನಾನು ಅವನ ಪಾಡಿಗೆ ಅವನನ್ನು ಬಿಡುತ್ತಿದ್ದೆ.