ಬಸುರಿಯಲ್ಲಿ ಸಕ್ಕರೆ ಕಾಯಿಲೆ ಇತ್ತೇ? ಮಗುವಿನ ಕಣ್ಣಿನ ಮೇಲೆ ಹೀಗೆ ನಿಗಾ ಇಡಿ

ಬಸುರಿಯಲ್ಲಿ ಸಕ್ಕರೆ ಏರಿದರೆ ಮಗುವಿನ ತೂಕ, ಉಸಿರಾಟ, ಹೆರಿಗೆಯ ತೊಡಕುಗಳ ಬಗ್ಗೆ ವೈದ್ಯರು ಎಚ್ಚರಿಸುತ್ತಾರೆ. ಕಣ್ಣಿನ ಮಾತು ಬರುವುದು ಅಪರೂಪ. ಹೆರಿಗೆ ಮುಗಿದೊಡನೆ ತಾಯಿಯ ಫೈಲ್ ಕಪಾಟು ಸೇರುತ್ತದೆ. ಮಗುವಿಗೆ ಬೋರ್ಡ್ ಕಾಣುತ್ತಿಲ್ಲ ಎಂದು ಗೊತ್ತಾಗುವುದು ಎಷ್ಟೋ ವರ್ಷಗಳ ಮೇಲೆ. ಇವೆರಡನ್ನೂ ಜೋಡಿಸಿ ನೋಡುವ ಕೆಲಸ ಮನೆಯವರದೇ.

ಡೆನ್ಮಾರ್ಕ್‌ನಲ್ಲಿ 1977ರಿಂದ 2016ರವರೆಗೆ ಹುಟ್ಟಿದ ಸುಮಾರು 24 ಲಕ್ಷ ಮಕ್ಕಳ ದಾಖಲೆ ಆಧರಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ತೀವ್ರ ದೃಷ್ಟಿದೋಷದ (ಹೆಚ್ಚು ಪವರ್‌ನ ಕನ್ನಡಕ ಬೇಕಾಗುವಂಥದ್ದರ) ಸಾಧ್ಯತೆ ಶೇ 39ರಷ್ಟು ಹೆಚ್ಚು ಕಂಡುಬಂತು. ಮಧುಮೇಹದಿಂದ ಬೇರೆ ತೊಡಕುಗಳೂ ಆಗಿದ್ದ ತಾಯಂದಿರ ಮಕ್ಕಳಲ್ಲಿ ಅದು ಸುಮಾರು ಎರಡು ಪಟ್ಟು. ಗಾಬರಿ ಬೇಡ: ಅಂಥ ದೋಷ ಕಂಡದ್ದು ಈ ತಾಯಂದಿರ ಮಕ್ಕಳಲ್ಲೂ ಸುಮಾರು ನೂರಕ್ಕೆ ಒಬ್ಬರಿಗೆ. ಸಕ್ಕರೆಯೇ ನೇರ ಕಾರಣ ಎಂದು ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದ್ದರಿಂದ ಯಾವ ತಾಯಿಯೂ ತನ್ನನ್ನು ದೂಷಿಸಿಕೊಳ್ಳಬೇಕಿಲ್ಲ, ಬೇರೆಯವರು ದೂಷಿಸಲೂಬಾರದು.

ಗರ್ಭ ನಿಲ್ಲುವ ಮುನ್ನ

ಮೊದಲೇ ಮಧುಮೇಹ ಇರುವವರಿಗೆ ಈ ಹಂತವೇ ಮುಖ್ಯ. ಮಗುವಿನ ಕಣ್ಣು ರೂಪುಗೊಳ್ಳಲು ತೊಡಗುವುದು ಮೊದಲ ಕೆಲವು ವಾರಗಳಲ್ಲೇ, ಎಷ್ಟೋ ಮಂದಿಗೆ ಮುಟ್ಟು ನಿಂತದ್ದೇ ಗಮನಕ್ಕೆ ಬಂದಿರದ ಹೊತ್ತಿನಲ್ಲಿ. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ 6.5ಕ್ಕಿಂತ ಕೆಳಗಿಳಿದ ಮೇಲೆ ಗರ್ಭಧಾರಣೆಗೆ ಮುಂದಾಗುವುದು ಒಳ್ಳೆಯದು. ತಾಯಿಯ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪರದೆ, ರೆಟಿನಾ) ಪರೀಕ್ಷೆಯೂ ಆಗಲಿ. ಅಲ್ಲಿ ಮೊದಲೇ ಹಾನಿಯಿದ್ದರೆ ಬಸುರಿಯಲ್ಲಿ ಅದು ಉಲ್ಬಣಿಸಬಹುದು.

ಬಸುರಿಯಲ್ಲಿ

ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಆದರೆ ತಾಯಿಯ ಇನ್ಸುಲಿನ್ ಹೋಗುವುದಿಲ್ಲ. 24ರಿಂದ 28ನೇ ವಾರದೊಳಗೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ತಪ್ಪಿಸಬೇಡಿ. ಮಧುಮೇಹ ಪತ್ತೆಯಾದರೆ ರಕ್ತದ ಸಕ್ಕರೆಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ): ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾಗಿ ಒಂದು ಗಂಟೆಗೆ 140ಕ್ಕಿಂತ ಕಡಿಮೆ, ಎರಡು ಗಂಟೆಗೆ 120ಕ್ಕಿಂತ ಕಡಿಮೆ. ಇನ್ಸುಲಿನ್ ಬೇಕೆಂದು ವೈದ್ಯರು ಹೇಳಿದರೆ ಹಿಂಜರಿಯಬೇಡಿ.

ಹುಟ್ಟಿದ ದಿನ

ಹೊಟ್ಟೆಯೊಳಗೆ ಹೆಚ್ಚು ಸಕ್ಕರೆಗೆ ಒಗ್ಗಿದ್ದ ಮಗುವಿನ ದೇಹ ತಾನೇ ಹೆಚ್ಚು ಇನ್ಸುಲಿನ್ ಮಾಡುತ್ತಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ದಿಢೀರ್ ಕುಸಿಯಬಹುದು. ತೀವ್ರ ಕುಸಿತ ಮಿದುಳಿನ ಹಿಂಭಾಗದ, ನೋಟಕ್ಕೆ ಸಂಬಂಧಿಸಿದ ಭಾಗವನ್ನು ಘಾಸಿಗೊಳಿಸಬಲ್ಲದು. ಮೊದಲ ಗಂಟೆಯಲ್ಲೇ ಎದೆಹಾಲು ಕೊಡಿ, ಮಗುವಿನ ಸಕ್ಕರೆ ಪರೀಕ್ಷೆ ಆಯಿತೇ ಎಂದು ಕೇಳಿ.

ಮನೆಗೆ ಹೋದ ಮೇಲೆ

ಇಲ್ಲಿಯೇ ಹೆಚ್ಚಿನವರ ಗಮನ ಸಡಿಲವಾಗುವುದು. ಸುಮಾರು ಎರಡು ತಿಂಗಳಿಗೆ ಮಗು ಮುಖ ನೆಟ್ಟು ನೋಡಬೇಕು. ನಾಲ್ಕು ತಿಂಗಳಾದ ಮೇಲೂ ಮೆಳ್ಳೆಗಣ್ಣು ಕಂಡರೆ ‘ಬೆಳೀತಾ ಸರಿ ಹೋಗುತ್ತೆ’ ಎಂದು ಸುಮ್ಮನಿರಬೇಡಿ. ಕಣ್ಣಿನ ಪಾಪೆಯಲ್ಲಿ ಬಿಳುಪು ಕಂಡರೆ ಕೂಡಲೇ ತೋರಿಸಿ.

ಮಗು ಸ್ವಲ್ಪ ದೊಡ್ಡದಾದ ಮೇಲೆ ಆಟಿಕೆ ನೋಡುತ್ತಿರುವಾಗ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಆಮೇಲೆ ಇನ್ನೊಂದನ್ನು. ಎಡಗಣ್ಣು ಮುಚ್ಚಿದಾಗ ಆಟ ಮುಂದುವರಿಸುವ ಮಗು ಬಲಗಣ್ಣು ಮುಚ್ಚಿದೊಡನೆ ಕೈ ತಳ್ಳಿ ರಂಪ ಮಾಡಿದರೆ, ಎಡಗಣ್ಣಿಗೆ ಸರಿಯಾಗಿ ಕಾಣುತ್ತಿಲ್ಲದಿರಬಹುದು. ಮಸುಕಾಗಿ ಕಾಣುವ ಕಣ್ಣನ್ನು ಮಿದುಳು ಮೆಲ್ಲನೆ ಕಡೆಗಣಿಸುತ್ತದೆ. ಈ ‘ಸೋಮಾರಿ ಕಣ್ಣು’ ಏಳು ವರ್ಷದೊಳಗೆ ಚಿಕಿತ್ಸೆಗೆ ಚೆನ್ನಾಗಿ ಒಗ್ಗುತ್ತದೆ.

ತೊಂದರೆ ಕಾಣದಿದ್ದರೂ ಶಾಲೆಗೆ ಸೇರಿಸುವ ಮುನ್ನ ಒಮ್ಮೆ ನೇತ್ರತಜ್ಞರಲ್ಲಿಗೆ ಕರೆದೊಯ್ಯಿರಿ. ಹೆರಿಗೆಯ ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ‘ಬಸುರಿಯಲ್ಲಿ ಶುಗರ್ ಇತ್ತು’ ಎಂದು ಅವರು ಕೇಳದಿದ್ದರೂ ಹೇಳಿ. ಡೆನ್ಮಾರ್ಕ್‌ನ ಆ ಅಧ್ಯಯನದಲ್ಲಿ ಚಿಕ್ಕವರಲ್ಲಿ ಹೆಚ್ಚಾಗಿ ದೂರದೃಷ್ಟಿ ದೋಷ (ಹತ್ತಿರದ್ದು ಮಸುಕು), ಹದಿಹರೆಯದಿಂದ ಸಮೀಪದೃಷ್ಟಿ ದೋಷ (ದೂರದ್ದು ಮಸುಕು) ಕಂಡಿತ್ತು. ಹಾಗಾಗಿ ಒಂದು ಸಲ ತೋರಿಸಿದರೆ ಸಾಲದು.

ಪರೀಕ್ಷೆಗೆ ಮುನ್ನ ಕಣ್ಣಿಗೆ ಹನಿ ಹಾಕುತ್ತಾರೆ. ಮಕ್ಕಳ ಕಣ್ಣಿನ ಸ್ನಾಯು ನೋಟವನ್ನು ಬಲವಾಗಿ ಹೊಂದಿಸಿಕೊಳ್ಳುವುದರಿಂದ ಹನಿಯಿಲ್ಲದೆ ದೂರದೃಷ್ಟಿ ದೋಷ ಅಡಗಿಯೇ ಉಳಿಯಬಹುದು, ಬೇಡವೆನ್ನಬೇಡಿ. ಅದರ ಪರಿಣಾಮ ಇಳಿಯುವವರೆಗೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಅಂದು ಓದು ಬರಹಕ್ಕೆ ಒತ್ತಾಯಿಸದೆ, ತಲೆಗೊಂದು ಟೋಪಿ ಹಾಕಿ ಕರೆತನ್ನಿ.